ಅಕ್ಷರ ಬರುತ್ತದೆ, ಓದು ಬರುತ್ತಿಲ್ಲ

ಎಸೆಸೆಲ್ಸಿ ಫಲಿತಾಂಶ ಬಂದ ವಾರ ನಮ್ಮ ಪೇಟೆಗಳಲ್ಲಿ ಫ್ಲೆಕ್ಸ್ ಕಟ್ಟಲು ಕಂಬ ಸಾಲುವುದಿಲ್ಲ. ಒಳ್ಳೆಯ ಅಂಕ ತೆಗೆದ ಹುಡುಗಿಯ ಹೆಸರು ದೊಡ್ಡದಾಗಿ, ಅದರ ಕೆಳಗೆ ಅಭಿನಂದಿಸುವ ಹತ್ತು ಮಂದಿಯ ಫೋಟೊ. ಸಂತೋಷದ ವಿಷಯವೇ, ಇಲ್ಲವೆನ್ನುವುದಿಲ್ಲ. 2025ರ ಮೊದಲ ಪರೀಕ್ಷೆಯಲ್ಲಿ ದಕ್ಷಿಣ ಕನ್ನಡ ಶೇ. 91.12 ಫಲಿತಾಂಶದೊಂದಿಗೆ ರಾಜ್ಯಕ್ಕೆ ಮೊದಲ ಸ್ಥಾನದಲ್ಲಿತ್ತು, ಉಡುಪಿ ಎರಡನೆಯದು. ಆ ಲೆಕ್ಕದೊಳಗೆ ನಮ್ಮ ಬ್ಯಾರಿ ಮಕ್ಕಳೂ ಇದ್ದಾರೆ. ಆದರೆ ನಾವು ಇಲ್ಲಿ ಬರೆಯಲು ಹೊರಟಿರುವುದು ಫ್ಲೆಕ್ಸ್‌ನಲ್ಲಿ ಬಾರದ ಮಕ್ಕಳ ಬಗ್ಗೆ. ಮೂವತ್ತೈದು, ನಲ್ವತ್ತು ಅಂಕಗಳಲ್ಲಿ ಹೇಗೋ ದಡ ಸೇರಿದವರು, ಎರಡು ವಿಷಯದಲ್ಲಿ ಉಳಿದು ಮರುಪರೀಕ್ಷೆಗೆ ಫೀಸು ಕಟ್ಟಿದವರು, ಪಾಸಾಗಿಯೂ ಪಿಯುಸಿಗೆ ಹೋಗಿ ಆರು ತಿಂಗಳಲ್ಲಿ ಬಿಟ್ಟು ಅಂಗಡಿಗೆ ನಿಂತವರು.

ಇವರ ಹೆತ್ತವರು ಮದ್ರಸಕ್ಕೂ ಬರುತ್ತಾರೆ. "ಉಸ್ತಾದ್, ಇವನಿಗೆ ಲೆಕ್ಕ ತಲೆಗೆ ಹತ್ತುವುದೇ ಇಲ್ಲ, ಸ್ವಲ್ಪ ದುಆ ಮಾಡಿ." "ಉಸ್ತಾದ್, ಇವಳಿಗೆ ಸಮಾಜ ಎಷ್ಟು ಬಾಯಿಪಾಠ ಮಾಡಿದರೂ ನಿಲ್ಲುವುದಿಲ್ಲ." ದುಆ ಮಾಡುತ್ತೇವೆ. ಟ್ಯೂಶನ್‌ಗೂ ಕಳುಹಿಸುತ್ತಾರೆ, ತಿಂಗಳಿಗೆ ಸಾವಿರ, ಒಂದೂವರೆ ಸಾವಿರ ಕೊಟ್ಟು. ಟ್ಯೂಶನ್‌ನವರು ಶಾಲೆಯಲ್ಲಿ ಹೇಳಿದ್ದನ್ನೇ ಇನ್ನೊಮ್ಮೆ ಹೇಳುತ್ತಾರೆ. ಅಂಕ ಐದೋ ಆರೋ ಏರಿ ಅಲ್ಲೇ ನಿಲ್ಲುತ್ತದೆ.

ಹತ್ತಿಪ್ಪತ್ತು ವರ್ಷಗಳಿಂದ ಬೆಳಗ್ಗೆ ಈ ಮಕ್ಕಳ ಮುಖ ನೋಡುತ್ತಾ ಬಂದ ನಮಗೆ ಅನಿಸುವುದು ಬೇರೆ. ಇವರಲ್ಲಿ ಬಹಳ ಮಂದಿಗೆ ಕಷ್ಟ ಇರುವುದು ಲೆಕ್ಕದಲ್ಲಿ ಅಲ್ಲ, ಸಮಾಜದಲ್ಲಿಯೂ ಅಲ್ಲ. ಕಷ್ಟ ಇರುವುದು ಓದಿನಲ್ಲಿ. ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಬಲ್ಲರು. ಓದಿದ್ದು ಏನು ಎಂದು ಕೇಳಿದರೆ ಮುಖ ನೋಡುತ್ತಾರೆ.

ಒಂದು ಉದಾಹರಣೆ ಹೇಳುತ್ತೇವೆ. ಏಳನೇ ತರಗತಿಯ ಒಬ್ಬ ಹುಡುಗ ಶಾಲೆಯ ಮನೆಗೆಲಸ ಹಿಡಿದುಕೊಂಡು ಬಂದಿದ್ದ. ಲೆಕ್ಕ ಇಷ್ಟು: ಒಂದು ತೊಟ್ಟಿಯ ಮುಕ್ಕಾಲು ಭಾಗ ನೀರಿದೆ, ಅದರಿಂದ 60 ಲೀಟರ್ ತೆಗೆದಾಗ ಅರ್ಧ ತೊಟ್ಟಿ ನೀರು ಉಳಿಯಿತು, ಹಾಗಾದರೆ ತೊಟ್ಟಿಯ ಸಾಮರ್ಥ್ಯವೆಷ್ಟು? ಹುಡುಗ ಕೇಳಿದ್ದು, "ಉಸ್ತಾದ್, ಇದು ಕೂಡಿಸುವುದಾ, ಕಳೆಯುವುದಾ?" ಮುಕ್ಕಾಲರಲ್ಲಿ ಅರ್ಧ ಕಳೆದರೆ ಎಷ್ಟು ಎಂದು ಕೇಳಿದೆವು. ಕಾಲು, ಎಂದು ತಟ್ಟನೆ ಹೇಳಿದ. ಕಾಲು ಭಾಗ 60 ಲೀಟರ್ ಆದರೆ ಇಡೀ ತೊಟ್ಟಿ? 240. ಅದನ್ನೂ ಹೇಳಿದ. ಅವನಿಗೆ ಭಿನ್ನರಾಶಿ ಬರುತ್ತಿತ್ತು, ಗುಣಾಕಾರ ಬರುತ್ತಿತ್ತು. ಬಾರದೆ ಇದ್ದದ್ದು ‘ಸಾಮರ್ಥ್ಯ’ ಎಂಬ ಒಂದು ಶಬ್ದ, ಮತ್ತು ಮೂರು ತುಂಡಾಗಿರುವ ಒಂದು ವಾಕ್ಯವನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳುವ ಅಭ್ಯಾಸ. ಅವನ ಪ್ರಗತಿ ಪತ್ರದಲ್ಲಿ ಮಾತ್ರ ‘ಗಣಿತದಲ್ಲಿ ಹಿಂದುಳಿದಿದ್ದಾನೆ’ ಎಂದೇ ಬರೆದಿರುತ್ತದೆ.

ಎಸೆಸೆಲ್ಸಿ ಪರೀಕ್ಷೆಯಲ್ಲಿ ಉತ್ತರ ಬರೆಯುವ ಸಮಯದ ಜೊತೆಗೆ ಪ್ರಶ್ನೆಪತ್ರಿಕೆ ಓದಲೆಂದೇ 15 ನಿಮಿಷ ಕೊಡುತ್ತಾರೆ. ಓದುವ ಮಗುವಿಗೆ ಆ ಹದಿನೈದು ನಿಮಿಷ ದೊಡ್ಡ ನೆರವು. ಯಾವುದನ್ನು ಮೊದಲು ಬರೆಯಬೇಕು, ಯಾವುದಕ್ಕೆ ಎಷ್ಟು ಬರೆಯಬೇಕು ಎಂದು ಅಷ್ಟರಲ್ಲಿ ತೀರ್ಮಾನಿಸಿಕೊಳ್ಳುತ್ತದೆ. ಓದಿನ ಅಭ್ಯಾಸ ಇಲ್ಲದ ಮಗು ಆ ಹದಿನೈದು ನಿಮಿಷ ಪೆನ್ನಿನ ಕ್ಯಾಪ್ ಕಚ್ಚುತ್ತಾ ಕೂರುತ್ತದೆ. ಪ್ರಶ್ನೆಯ ಕೊನೆಯಲ್ಲಿ ‘ಸಮರ್ಥಿಸಿ’ ಎಂದಿದೆಯೋ, ‘ಹೋಲಿಸಿ’ ಎಂದಿದೆಯೋ, ‘ಪಟ್ಟಿ ಮಾಡಿ’ ಎಂದಿದೆಯೋ ಎಂದು ನೋಡದೆ ಗೈಡ್‌ನಲ್ಲಿ ಬಾಯಿಪಾಠ ಮಾಡಿದ ಒಂದೂವರೆ ಪುಟವನ್ನು ಹಾಗೇ ಇಳಿಸಿ ಬರುತ್ತದೆ. ಎಲ್ಲಾ ಬರೆದಿದ್ದೇನೆ, ಅಂಕ ಯಾಕೆ ಕೊಡಲಿಲ್ಲ ಎಂದು ಆಮೇಲೆ ಅಳು.

ನಮ್ಮ ಮನೆಗಳಲ್ಲಿ ‘ಓದು’ ಎಂಬ ಮಾತಿಗೇ ಅರ್ಥ ಕಿರಿದಾಗಿ ಹೋಗಿದೆ. "ಓದಲು ಕೂತುಕೋ" ಎಂದರೆ ಪಠ್ಯಪುಸ್ತಕ ತೆಗೆ ಎಂದು. ಮಗ ಕಥೆ ಪುಸ್ತಕ ಹಿಡಿದಿದ್ದರೆ "ಸುಮ್ಮನೆ ಕೂತಿದ್ದೀಯಲ್ಲ, ಓದಬಾರದಾ?" ಎಂದು ಗದರಿಸುವ ಉಮ್ಮಂದಿರನ್ನು ನಾವು ಕಂಡಿದ್ದೇವೆ. ಪರೀಕ್ಷೆ ಮುಗಿದ ದಿನ ‘ಓದು ಮುಗಿಯಿತು’ ಎನ್ನುತ್ತೇವೆ. ಪಠ್ಯದ ಹೊರಗಿನ ಪುಸ್ತಕ ಓದುವುದು ಸಮಯ ಹಾಳು ಎಂಬ ಭಾವನೆ ಅಷ್ಟು ಗಟ್ಟಿಯಾಗಿ ಕೂತಿದೆ.

ಇದು ಸಮಯ ಹಾಳಲ್ಲ ಎನ್ನುವುದಕ್ಕೆ ನಮ್ಮ ಮಾತಷ್ಟೇ ಆಧಾರವಲ್ಲ. ಬ್ರಿಟನ್‌ನಲ್ಲಿ 1970ರ ಒಂದೇ ವಾರದಲ್ಲಿ ಹುಟ್ಟಿದ ಮಕ್ಕಳನ್ನು ವರ್ಷಗಟ್ಟಲೆ ಗಮನಿಸುತ್ತಾ ಬಂದ ಅಧ್ಯಯನವೊಂದಿದೆ. ಅದರಲ್ಲಿನ ಸುಮಾರು 6,000 ಮಕ್ಕಳ ಮಾಹಿತಿಯನ್ನು ಲಂಡನ್‌ನ ಶಿಕ್ಷಣ ಸಂಶೋಧಕರಾದ ಆಲಿಸ್ ಸಲಿವನ್ ಮತ್ತು ಮ್ಯಾಟ್ ಬ್ರೌನ್ 2013ರಲ್ಲಿ ಪರಿಶೀಲಿಸಿದರು. ಹತ್ತರಿಂದ ಹದಿನಾರು ವರ್ಷದೊಳಗೆ ತಮ್ಮ ಖುಷಿಗಾಗಿ ಓದುತ್ತಿದ್ದ ಮಕ್ಕಳು ಶಬ್ದಸಂಪತ್ತು, ಕಾಗುಣಿತಗಳಲ್ಲಿ ಮಾತ್ರವಲ್ಲ, ಗಣಿತದಲ್ಲಿಯೂ ಉಳಿದವರಿಗಿಂತ ಹೆಚ್ಚು ಮುಂದೆ ಹೋಗಿದ್ದರು. ಪುಸ್ತಕ, ಗ್ರಂಥಾಲಯ, ಪತ್ರಿಕೆ ಈ ಮೂರೂ ಸೇರಿ ಮಗುವಿಗೆ ಕೊಟ್ಟ ಲಾಭ, ಹೆತ್ತವರಲ್ಲಿ ಒಬ್ಬರು ಪದವೀಧರರಾಗಿರುವುದರಿಂದ ಸಿಗುವ ಲಾಭದ ನಾಲ್ಕು ಪಟ್ಟು ಎಂದು ಅವರು ಕಂಡುಕೊಂಡರು. ಇದನ್ನು ನಾವು ಒತ್ತಿ ಹೇಳುವುದಕ್ಕೆ ಕಾರಣವಿದೆ. "ನಾವು ಕಲಿತವರಲ್ಲ ಉಸ್ತಾದ್, ಮಕ್ಕಳಿಗೆ ಏನು ಹೇಳಿಕೊಡುವುದು?" ಎನ್ನುವವರೇ ನಮ್ಮಲ್ಲಿ ಹೆಚ್ಚು. 15 ವರ್ಷದ ಮಕ್ಕಳಿಗಾಗಿ ನಡೆಯುವ ಅಂತಾರಾಷ್ಟ್ರೀಯ ‘ಪಿಸಾ’ ಪರೀಕ್ಷೆಯ 2000ನೇ ಇಸವಿಯ ಫಲಿತಾಂಶದಲ್ಲಿಯೂ ಇದೇ ಕಂಡಿತ್ತು: ಬಡ ಮನೆಯಿಂದ ಬಂದಿದ್ದರೂ ಓದಿನಲ್ಲಿ ಮುಳುಗುವ ಮಕ್ಕಳು, ಅನುಕೂಲಸ್ಥರ ಮನೆಯ ಓದದ ಮಕ್ಕಳಿಗಿಂತ ಚೆನ್ನಾಗಿ ಮಾಡಿದ್ದರು.

ನಮ್ಮ ದೇಶದ ಹಳ್ಳಿಗಳ ಸ್ಥಿತಿಯನ್ನು ‘ಅಸರ್’ ಸಮೀಕ್ಷೆ 2005ರಿಂದ ಹೇಳುತ್ತಾ ಬಂದಿದೆ. ಮನೆಮನೆಗೆ ಹೋಗಿ ಮಗುವಿನ ಕೈಗೆ ಎರಡನೇ ತರಗತಿ ಮಟ್ಟದ ಒಂದು ಸಣ್ಣ ಪಾಠ ಕೊಟ್ಟು ಓದಿಸುತ್ತಾರೆ, ಅಷ್ಟೇ. ಐದನೇ ತರಗತಿಯ ಮಕ್ಕಳಲ್ಲಿ ಅದನ್ನು ಓದಬಲ್ಲವರು 2018ರಲ್ಲಿ ಶೇ. 50.5, ಕೊರೋನ ಕಳೆದ ಮೇಲೆ 2022ರಲ್ಲಿ ಶೇ. 42.8. ಅಂದರೆ ಐದನೇ ತರಗತಿಯ ಅರ್ಧಕ್ಕಿಂತ ಹೆಚ್ಚು ಮಕ್ಕಳು ಎರಡನೇ ತರಗತಿಯ ಪಾಠದಲ್ಲೇ ತಡವರಿಸುತ್ತಿದ್ದರು. ಆ ಮಕ್ಕಳು ಈಗ ಹೈಸ್ಕೂಲಿನಲ್ಲಿದ್ದಾರೆ.

ಇನ್ನು ಬ್ಯಾರಿ ಮಕ್ಕಳಿಗೇ ಇರುವ ಒಂದು ಹೆಚ್ಚಿನ ತೊಡಕನ್ನು ಹೇಳಬೇಕು. ಇದನ್ನು ಶಾಲೆಯವರೂ ಅಷ್ಟಾಗಿ ಗಮನಿಸುವುದಿಲ್ಲ, ಮನೆಯವರೂ ಗಮನಿಸುವುದಿಲ್ಲ. ನಮ್ಮ ಮಗು ಮನೆಯಲ್ಲಿ ಬ್ಯಾರಿ ಮಾತನಾಡುತ್ತದೆ. ಬೆಳಗ್ಗೆ ಮದ್ರಸಕ್ಕೆ ಬಂದರೆ ಅರಬಿ ಅಕ್ಷರ. ಪಾಠಪುಸ್ತಕ ಕೆಲವೆಡೆ ಅರಬಿ ಮಲಯಾಳಂನಲ್ಲಿ, ಕೆಲವೆಡೆ ಈಗ ಕನ್ನಡ ಲಿಪಿಯಲ್ಲಿ. ಒಂಬತ್ತೂವರೆಗೆ ಶಾಲೆಗೆ ಹೋದರೆ ಕನ್ನಡ, ಇಂಗ್ಲಿಷ್, ಆಮೇಲೆ ಹಿಂದಿ. ಬಲದಿಂದ ಎಡಕ್ಕೆ ಓದಿದ ಕಣ್ಣು ಎರಡು ಗಂಟೆಯೊಳಗೆ ಎಡದಿಂದ ಬಲಕ್ಕೆ ತಿರುಗಬೇಕು. ಇಷ್ಟು ಲಿಪಿಗಳನ್ನು ಹತ್ತು ವರ್ಷದೊಳಗೆ ಹಿಡಿಯುವ ಮಕ್ಕಳನ್ನು ದಡ್ಡರೆಂದು ಕರೆಯುವವರನ್ನು ಕಂಡರೆ ನಮಗೆ ಸಿಟ್ಟು ಬರುತ್ತದೆ. ಆದರೆ ಇಷ್ಟೆಲ್ಲದರಲ್ಲಿ ಮನೆ ಮಾತು ಯಾವ ಪುಸ್ತಕದಲ್ಲೂ ಸಿಗುವುದಿಲ್ಲ. ಬ್ಯಾರಿ ಸಾಹಿತ್ಯ ಅಕಾಡಮಿ 2007ರಲ್ಲಿ ಸ್ಥಾಪನೆಯಾದ ಮೇಲೆ ಕನ್ನಡ ಲಿಪಿಯಲ್ಲಿ ಬ್ಯಾರಿ ಪುಸ್ತಕಗಳು ಬಂದಿವೆ. ಎಷ್ಟು ಮನೆಗಳಲ್ಲಿ ಅವು ಇವೆ ಎಂಬುದನ್ನು ಓದುಗರೇ ತಮ್ಮ ಮನೆ ನೋಡಿ ಹೇಳಲಿ.

ಕನ್ನಡ ಮೇಷ್ಟ್ರುಗಳು ನಮ್ಮ ಮಕ್ಕಳ ಪುಸ್ತಕದಲ್ಲಿ ಕೆಂಪು ಶಾಯಿಯಿಂದ ಸುತ್ತು ಹಾಕುವ ತಪ್ಪುಗಳನ್ನು ಒಮ್ಮೆ ತೆರೆದು ನೋಡಿ. ‘ಹಳ್ಳಿ’ ಬರೆಯಬೇಕಾದಲ್ಲಿ ‘ಹಲ್ಲಿ’. ‘ಬಳೆ’ಗೆ ‘ಬಲೆ’, ‘ಕೊಳೆ’ಗೆ ‘ಕೊಲೆ’, ‘ಅಣು’ವಿಗೆ ‘ಅನು’. ‘ನಮ್ಮ ಹಲ್ಲಿಯಲ್ಲಿ ನೂರು ಮನೆಗಳಿವೆ’ ಎಂದು ಪ್ರಬಂಧ ಬರೆದರೆ ತರಗತಿ ನಗುತ್ತದೆ. ಇದು ಅಜಾಗ್ರತೆಯಲ್ಲ. ನಮ್ಮ ಮಾತಿನಲ್ಲಿ ಲ ಮತ್ತು ಳ, ನ ಮತ್ತು ಣ ಬೇರೆ ಬೇರೆಯಾಗಿ ಅಷ್ಟಾಗಿ ಉಳಿದಿಲ್ಲ. ಮಸೀದಿಗೆ ಮಲಯಾಳಂನವರು ಪಳ್ಳಿ ಎಂದರೆ ನಾವು ಪಲ್ಲಿ ಎನ್ನುತ್ತೇವೆ. ಕಿವಿ ಕೇಳದ ವ್ಯತ್ಯಾಸವನ್ನು ಕೈ ಬರೆಯುವುದು ಹೇಗೆ? ಇದಕ್ಕೆ ನೂರು ಸಲ ಇಂಪೊಸಿಶನ್ ಬರೆಸಿ ಪ್ರಯೋಜನವಿಲ್ಲ. ಕಿವಿಯಿಂದ ಬಾರದ್ದು ಕಣ್ಣಿನಿಂದ ಬರಬೇಕು. ‘ಹಳ್ಳಿ’ ಎಂಬ ಶಬ್ದ ಐವತ್ತು ಕಥೆಗಳಲ್ಲಿ ಐವತ್ತು ಸಲ ಕಣ್ಣಿಗೆ ಬಿದ್ದರೆ, ಐವತ್ತೊಂದನೆಯ ಸಲ ಕೈ ತಾನಾಗಿಯೇ ಸರಿಯಾದ ಅಕ್ಷರಕ್ಕೆ ಹೋಗುತ್ತದೆ. ಪಠ್ಯಪುಸ್ತಕವೊಂದರಲ್ಲೇ ಅಷ್ಟು ಸಲ ಸಿಗುವುದಿಲ್ಲ.

ಇಂಗ್ಲಿಷ್ ಮೀಡಿಯಂಗೆ ಹಾಕಿದ್ದೇವೆ, ಕನ್ನಡದ ಚಿಂತೆ ನಮಗೇಕೆ ಎನ್ನುವವರಿದ್ದಾರೆ. ಅಲ್ಲಿ ತೊಂದರೆ ಇನ್ನೂ ಹೆಚ್ಚು. ಮನೆಯಲ್ಲೂ ಇಲ್ಲದ, ಬೀದಿಯಲ್ಲೂ ಇಲ್ಲದ ಭಾಷೆಯಲ್ಲಿ ವಿಜ್ಞಾನ ಓದಬೇಕು. ಆ ಮಗುವಿಗೆ ಇಂಗ್ಲಿಷ್ ಕಥೆ ಪುಸ್ತಕವೂ ಬೇಕು, ಕನ್ನಡದ್ದೂ ಬೇಕು. ಒಂದು ಭಾಷೆಯಲ್ಲಿ ಅರ್ಥ ಮಾಡಿಕೊಂಡು ಓದಲು ಕಲಿತ ಮಗುವಿಗೆ ಇನ್ನೊಂದರಲ್ಲಿ ಅದು ಬೇಗ ಬರುತ್ತದೆ. ಯಾವುದರಲ್ಲೂ ಕಲಿಯದ ಮಗು ಎಲ್ಲದರಲ್ಲೂ ಬಾಯಿಪಾಠಕ್ಕೆ ಬೀಳುತ್ತದೆ.

ಮದ್ರಸದವರಾದ ನಾವು ನಮ್ಮ ಕಡೆಯ ಮಾತನ್ನೂ ಹೇಳಬೇಕಲ್ಲ. ಕುರ್‌ಆನ್ ಪಾರಾಯಣವನ್ನು ಮಕ್ಕಳು ಸ್ವರ, ಉಚ್ಚಾರ ಸಹಿತ ಕಲಿಯುತ್ತಾರೆ. ಅರ್ಥ ತಿಳಿಯುವ ಮೊದಲೇ ಓದುವ ಕ್ರಮ ಅಲ್ಲಿದೆ, ಅದಕ್ಕೆ ಅದರದೇ ಆದ ಸ್ಥಾನವಿದೆ, ಅದು ಇರಲೇಬೇಕು. ಆದರೆ ಅದೇ ಕ್ರಮವನ್ನು ಮಗು ಸಮಾಜ ವಿಜ್ಞಾನದ ಪುಸ್ತಕಕ್ಕೂ ಒಯ್ಯುತ್ತದೆ ಎಂಬುದನ್ನು ನಾವು ದಿನವೂ ನೋಡುತ್ತೇವೆ. ಮುಂದಕ್ಕೂ ಹಿಂದಕ್ಕೂ ತೂಗುತ್ತಾ, ರಾಗದಲ್ಲಿ, ಬ್ರಿಟಿಷರ ಸಹಾಯಕ ಸೈನ್ಯ ಪದ್ಧತಿಯನ್ನು ಹತ್ತು ಸಲ ಹೇಳುತ್ತದೆ! ಎರಡು ಬಗೆಯ ಓದು ಬೇರೆ ಬೇರೆ ಎಂದು ಮಗುವಿಗೆ ಯಾರಾದರೂ ಹೇಳಬೇಕು. ಉಸ್ತಾದರು ಹೇಳಿದರೆ ಮಗು ಕೇಳುತ್ತದೆ. ಫಿಕ್ಹ್, ಅಖ್ಲಾಕ್, ತಾರೀಖ್ ಪಾಠಗಳಲ್ಲಿ ಒಂದು ಪುಟ ಓದಿಸಿ, ಪುಸ್ತಕ ಮುಚ್ಚಿಸಿ, "ಈಗ ನಿನ್ನ ಮಾತಲ್ಲಿ ಹೇಳು" ಎಂದರೆ ಐದು ನಿಮಿಷ ಸಾಕು. ನಾವು ಹೀಗೆ ಮಾಡುತ್ತಿದ್ದೇವೆ. ಮೊದಮೊದಲು ಎರಡು ಕೈ ಮಾತ್ರ ಮೇಲೇಳುತ್ತಿತ್ತು, ಅದೂ ಮುಂದಿನ ಬೆಂಚಿನಿಂದ. ಈಗ ಹಿಂದಿನ ಬೆಂಚಿನವರೂ ಎದ್ದು ನಿಲ್ಲುತ್ತಾರೆ, ಅರ್ಧ ಬ್ಯಾರಿ ಅರ್ಧ ಕನ್ನಡದಲ್ಲಿ ಹೇಳುತ್ತಾರೆ. ಇರಲಿ, ಹೇಳುತ್ತಾರಲ್ಲ.

ಮೊದಲು ನಮ್ಮ ಮನೆಗಳಲ್ಲಿ ಓದಿಗೆ ಒಂದು ಕೆಲಸವಿತ್ತು. ಬೊಂಬಾಯಿಯಿಂದ, ದುಬೈಯಿಂದ, ಸೌದಿಯಿಂದ ಕಾಗದ ಬರುತ್ತಿತ್ತು. ಉಮ್ಮನಿಗೆ ಓದಲು ಬರದು, ಅಜ್ಜಿಗೆ ಬರದು. ಐದನೇ ತರಗತಿಯ ಹುಡುಗಿಯೋ ಹುಡುಗನೋ ಜಗಲಿಯಲ್ಲಿ ನಿಂತು ಇಡೀ ಮನೆಗೆ ಓದಿ ಹೇಳಬೇಕು. ಕಾಗದ ಕನ್ನಡದಲ್ಲಿ, ಹೇಳುವುದು ಬ್ಯಾರಿಯಲ್ಲಿ. ತಪ್ಪಾದರೆ ಅಜ್ಜಿ ಬಿಡುತ್ತಿರಲಿಲ್ಲ, "ಇನ್ನೊಮ್ಮೆ ಸರಿಯಾಗಿ ನೋಡು, ಹಣ ಕಳಿಸಿದ್ದೇನೆ ಎಂದಿದೆಯಾ, ಕಳಿಸುತ್ತೇನೆ ಎಂದಿದೆಯಾ?" ಇದಕ್ಕಿಂತ ಒಳ್ಳೆಯ ಪರೀಕ್ಷೆ ಯಾವ ಬೋರ್ಡೂ ನಡೆಸುವುದಿಲ್ಲ. ಆಮೇಲೆ ಅದೇ ಮಗು ಮಾರುತ್ತರ ಬರೆಯಬೇಕು. ಈಗ ಉಪ್ಪ ಅಲ್ಲಿಂದ ವಾಟ್ಸ್‌ಆ್ಯಪ್‌ನಲ್ಲಿ ವಾಯ್ಸ್ ಕಳುಹಿಸುತ್ತಾರೆ, ಇಲ್ಲಿಂದಲೂ ವಾಯ್ಸ್ ಹೋಗುತ್ತದೆ. ಅನುಕೂಲವೇ, ಆದರೆ ಮಗುವಿನ ಕೈಯಿಂದ ಓದುವ ಕೆಲಸ ಹೋಯಿತು. ಈಗ ನಲ್ವತ್ತು ದಾಟಿದ ನಮ್ಮಂಥವರಿಗೆ ಜೊತೆಗೆ ‘ಬಾಲಮಂಗಳ’ವೂ ಇತ್ತು. ಡಿಂಗನ ಕಥೆಗಾಗಿ ಒಂದು ಪ್ರತಿ ಹತ್ತು ಮನೆ ತಿರುಗಿ ರಟ್ಟು ಕಳಚಿ ವಾಪಸ್ ಬರುತ್ತಿತ್ತು. ಯಾರೂ ನಮಗೆ ಓದಿರೆಂದು ಹೇಳಿರಲಿಲ್ಲ. ಮೊಬೈಲಿನ ಬಗ್ಗೆ ಇಲ್ಲಿ ಹೆಚ್ಚು ಬರೆಯುವುದಿಲ್ಲ, ಎಲ್ಲ ವಅಳ್‌ನಲ್ಲೂ ಕೇಳಿ ಸಾಕಾಗಿದೆ. ಮಗುವಿನ ಕೈಯಿಂದ ಮೊಬೈಲು ಕಸಿದುಕೊಂಡು ಬರಿಗೈ ಬಿಟ್ಟರೆ ಅದು ಮತ್ತೆ ಮೊಬೈಲನ್ನೇ ಹುಡುಕುತ್ತದೆ ಎಂಬುದಷ್ಟೇ ನಮ್ಮ ಅನುಭವ.

ಹಾಗಾದರೆ ಅಕ್ಷರ ಬಾರದ ಉಮ್ಮ ಏನು ಮಾಡಬೇಕು? ಕಣ್ಣೂರಿನ ಬೀಡಿ ಕಾರ್ಖಾನೆಗಳಲ್ಲಿ ಹಿಂದೆ ಒಂದು ಪದ್ಧತಿಯಿತ್ತು. ಒಬ್ಬರು ಪತ್ರಿಕೆಯನ್ನೋ ಪುಸ್ತಕವನ್ನೋ ಗಟ್ಟಿಯಾಗಿ ಓದುವರು, ಉಳಿದವರು ಬೀಡಿ ಕಟ್ಟುತ್ತಾ ಕೇಳುವರು. ನಮ್ಮ ಜಿಲ್ಲೆಯಲ್ಲಿ ಬೀಡಿ ಮನೆಯಲ್ಲೇ ಕಟ್ಟುವುದು. ಮಗ್ರಿಬ್‌ನಿಂದ ಇಶಾದ ನಡುವೆ ಉಮ್ಮ ಬೀಡಿಯ ಮೊರ ಮಡಿಲಲ್ಲಿಟ್ಟು ಕೂತಾಗ, ಅಥವಾ ಅಕ್ಕಿ ಆರಿಸುವಾಗ, ಮೀನು ಕೊಯ್ಯುವಾಗ, ಮಗು ಹತ್ತಿರ ಕೂತು ಒಂದು ಕಥೆ ಕನ್ನಡದಲ್ಲಿ ಓದಲಿ. ಓದಿ ಆದ ಮೇಲೆ ಬ್ಯಾರಿಯಲ್ಲಿ ಹೇಳಲಿ. ಉಮ್ಮ ಕೇಳಬೇಕಾದದ್ದು ಎರಡೇ ಪ್ರಶ್ನೆ: ಆಮೇಲೆ ಏನಾಯಿತು, ಅವನು ಯಾಕೆ ಹಾಗೆ ಮಾಡಿದ? ಇದಕ್ಕೆ ಉಮ್ಮನಿಗೆ ಒಂದಕ್ಷರವೂ ಬರಬೇಕಾಗಿಲ್ಲ. ಕನ್ನಡದಲ್ಲಿ ಓದಿದ್ದನ್ನು ಬ್ಯಾರಿಯಲ್ಲಿ ಹೇಳಬೇಕಾದರೆ ಮಗುವಿಗೆ ಅರ್ಥವಾಗಿರಲೇಬೇಕು, ಅಲ್ಲಿ ಬಾಯಿಪಾಠ ನಡೆಯುವುದಿಲ್ಲ. ನಮಗೆ ಪರಿಚಯದ ಒಂದು ಮನೆಯಲ್ಲಿ ಎರಡು ವರ್ಷದಿಂದ ಇದು ನಡೆಯುತ್ತಿದೆ. ಈಗ ಕಥೆ ಅರ್ಧದಲ್ಲಿ ನಿಂತರೆ ಉಮ್ಮನೇ ಬಿಡುವುದಿಲ್ಲವಂತೆ. ಹುಡುಗಿ ಒಂಬತ್ತನೇ ತರಗತಿ, ಶಾಲೆಯಲ್ಲಿ ಪ್ರಶ್ನೆ ಅರ್ಥವಾಗದವರು ಅವಳನ್ನು ಕೇಳಲು ಬರುತ್ತಾರೆ.

ಹುಡುಗರ ವಿಷಯಕ್ಕೆ ಬಂದರೆ ನಮಗೆ ಚಿಂತೆ ಹೆಚ್ಚು. 2025ರ ಎಸೆಸೆಲ್ಸಿಯಲ್ಲಿ ರಾಜ್ಯದ ಹುಡುಗಿಯರಲ್ಲಿ ಶೇ. 74 ಪಾಸಾದರೆ ಹುಡುಗರಲ್ಲಿ ಶೇ. 58.07 ಮಾತ್ರ. ಇದಕ್ಕೆ ಕಾರಣ ಹಲವು ಇರಬಹುದು. ನಮ್ಮ ಮದ್ರಸದ ಪುಸ್ತಕ ಕಪಾಟಿನ ರಿಜಿಸ್ಟರ್ ನೋಡಿದರೆ ಒಂದು ಕಾರಣ ಅಲ್ಲೇ ಕಾಣುತ್ತದೆ, ಹೆಸರುಗಳೆಲ್ಲ ಹೆಚ್ಚುಕಡಿಮೆ ಹುಡುಗಿಯರದೇ. ಹುಡುಗರಿಗೆ ಓದು ಎಂದರೆ ನಾಚಿಕೆ. ಉಪ್ಪನೋ ಕಾಕನೋ ಪತ್ರಿಕೆ ಹಿಡಿದು ಕೂತದ್ದನ್ನು ಮನೆಯಲ್ಲಿ ನೋಡಿದರೆ ಈ ನಾಚಿಕೆ ಹೋಗುತ್ತದೆ. ಕ್ರಿಕೆಟ್ ಪುಟವಾದರೂ ಸರಿ, ಅಲ್ಲಿಂದಲೇ ಶುರುವಾಗಲಿ. ಕ್ರಿಕೆಟ್ ಪುಟದ ಭಾಷೆ ಕೆಲವೊಮ್ಮೆ ಪಠ್ಯದ್ದಕ್ಕಿಂತ ಚೆನ್ನಾಗಿರುತ್ತದೆ.

ಪುಸ್ತಕಕ್ಕೆ ಹಣವಿಲ್ಲ ಎನ್ನುವ ಮಾತು ಪೂರ್ತಿ ನಿಜವಲ್ಲ. ಗ್ರಾಮ ಪಂಚಾಯತ್ ಗ್ರಂಥಾಲಯಗಳಿಗೆ ಈಗ ‘ಅರಿವು ಕೇಂದ್ರ’ ಎಂಬ ಬೋರ್ಡು ಬಿದ್ದಿದೆ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ಪಡಿತರ ಅಂಗಡಿಗೆ ಹೋಗುವ ದಾರಿಯಲ್ಲೇ ಇರುತ್ತದೆ, ನಾವು ಒಳಗೆ ಇಣುಕುವುದಿಲ್ಲ ಅಷ್ಟೇ. ಪ್ರಥಮ್ ಬುಕ್ಸ್‌ನವರ ‘ಸ್ಟೋರಿವೀವರ್’ ತಾಣದಲ್ಲಿ ಮಟ್ಟಕ್ಕೆ ತಕ್ಕಂತೆ ಕನ್ನಡ ಕಥೆಗಳು ಪುಕ್ಕಟೆ ಸಿಗುತ್ತವೆ. ಮೊಬೈಲು ಬಿಡದ ಮಗುವಿಗೆ ಅದರಲ್ಲೇ ತೋರಿಸಬಹುದು. ಯಾವ ಪುಸ್ತಕ ಎಂದು ಕೇಳುವವರಿಗೆ: ಸಣ್ಣವರಿಗೆ ನಮ್ಮ ಬಂಟ್ವಾಳದವರೇ ಆದ ಪಂಜೆ ಮಂಗೇಶರಾಯರ ಮಕ್ಕಳ ಕಥೆಗಳು. ಏಳು ಎಂಟನೇ ತರಗತಿಗೆ ಬೊಳುವಾರು ಮಹಮದ್ ಕುಂಞಿಯವರು ಗಾಂಧೀಜಿಯ ಬಗ್ಗೆ ಮಕ್ಕಳಿಗೆಂದೇ ಬರೆದ ‘ಪಾಪು ಗಾಂಧಿ, ಗಾಂಧಿ ಬಾಪು ಆದ ಕತೆ’. ಹೈಸ್ಕೂಲು ಮುಗಿಸಿದವರಿಗೆ ಸಾರಾ ಅಬೂಬಕ್ಕರ್, ತೇಜಸ್ವಿಯವರ ‘ಕರ್ವಾಲೊ’. ಕಾಸರಗೋಡಿನ ಸಾರಾ ಅವರ ಮನೆ ಮಾತು ಮಲಯಾಳಂ, ಬರೆದದ್ದು ಕನ್ನಡದಲ್ಲಿ. 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ ಬಾನು ಮುಷ್ತಾಕ್ ಅವರನ್ನು ಎಂಟನೇ ವಯಸ್ಸಿನಲ್ಲಿ ಶಿವಮೊಗ್ಗದ ಕನ್ನಡ ಶಾಲೆಗೆ ಸೇರಿಸಿಕೊಂಡದ್ದು, ಆರು ತಿಂಗಳೊಳಗೆ ಕನ್ನಡ ಓದಿ ಬರೆಯಲು ಕಲಿಯಬೇಕು ಎಂಬ ಷರತ್ತಿನ ಮೇಲೆ. ಮನೆ ಮಾತು ಬೇರೆ, ಶಾಲೆ ಮಾತು ಬೇರೆ ಎನ್ನುವುದು ನಮ್ಮ ಮಕ್ಕಳಿಗೆ ಮಾತ್ರ ಬಂದ ಕಷ್ಟವಲ್ಲ ಎಂದು ಮಕ್ಕಳಿಗೆ ಹೇಳಲು ಇದು ಅನುಕೂಲ.

ಜಮಾಅತ್ ಕಮಿಟಿಯವರಿಗೂ ಒಂದು ಮಾತು. ಮೀಲಾದ್ ಕಾರ್ಯಕ್ರಮದಲ್ಲಿ ಭಾಷಣ, ಹಾಡು, ಕಿರಾಅತ್ ಸ್ಪರ್ಧೆಗಳಿಗೆ ಪ್ಲಾಸ್ಟಿಕ್ ಕಪ್ಪು, ಸ್ಟೀಲ್ ಡಬ್ಬಿ ಕೊಡುತ್ತಾರೆ. ಅದೇ ವೇದಿಕೆಯಲ್ಲಿ ಮೊದಲು ಇಳಿದ ಆಜ್ಞೆಯೇ ‘ಓದು’ ಎಂದು ಅತಿಥಿಗಳು ಭಾಷಣ ಮಾಡಿರುತ್ತಾರೆ! ಕಳೆದ ವರ್ಷ ನಮ್ಮಲ್ಲಿ ಕಮಿಟಿಯವರು ಬಹುಮಾನಕ್ಕೆ ಪುಸ್ತಕ ಕೊಡಲು ಒಪ್ಪಿದರು. ಮೊದಲು ಮಕ್ಕಳಿಗೆ ಬೇಸರವಾಯಿತು, ಕಪ್ಪು ಹಿಡಿದು ಫೋಟೊ ತೆಗೆಸಿಕೊಳ್ಳುವ ಆಸೆ ಯಾರಿಗಿಲ್ಲ. ಎರಡು ವಾರದ ನಂತರ ಆ ಪುಸ್ತಕಗಳು ಕೈ ಬದಲಾಗತೊಡಗಿದವು. ಕೊನೆಗೆ ಅವೆಲ್ಲ ಕಪಾಟಿಗೇ ಬಂದು ಸೇರಿದವು, ಮಕ್ಕಳೇ ತಂದಿಟ್ಟರು. ಇವತ್ತಿಗೆ 140 ಪುಸ್ತಕಗಳಿವೆ, ಅದರಲ್ಲಿ 31 ಹೊರಗೆ ಹೋಗಿವೆ. ಶವ್ವಾಲ್‌ನಲ್ಲಿ ಮದ್ರಸದ ಹೊಸ ವರ್ಷ ತೆರೆಯುವುದರೊಳಗೆ ಕಪಾಟಿಗೆ ಇನ್ನೊಂದು ಹಲಗೆ ಹಾಕಿಸಬೇಕು, ಆಚಾರಿಗೆ ಹೇಳಿ ಆಗಿದೆ.